ಸಿಡಿಲಕ್ಕನ ಸ್ಥಳ ಮಹಜರು

ಹೊಯ್ಸಳ ವಲಯ ಕಲಾವಿದರ ದೃಢೀಕರಣ ಪ್ರಾಧಿಕಾರದ ನಿಯಮ ಹದಿನಾಲ್ಕರ ಪ್ರಕಾರ, ಗುಪ್ತ ಗುರುತು ಹೊಂದಿರುವ ಯಾವುದೇ ಕಲಾವಿದರು ಸದರಿ ಗುರುತನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ಒಂದು ಪ್ರತಿ ಕಡತಕ್ಕೆ, ಒಂದು ಮೇಲಧಿಕಾರಿಗಳಿಗೆ, ಮತ್ತೊಂದು ಸಾರ್ವಜನಿಕರ ಮಾಹಿತಿಗಾಗಿ ಸೂಚನಾ ಫಲಕಕ್ಕೆ.

ನಿಯಮ ಜಾರಿಗೆ ಬಂದು ಒಂದೂವರೆ ವರ್ಷವಾಗಿದ್ದರೂ ಅದರ ಅಡಿಯಲ್ಲಿ ಒಂದು ಅರ್ಜಿಯೂ ಬಂದಿರಲಿಲ್ಲ. ಹೀಗಾಗಿ, ಅರಸೀಕೆರೆಯ ಕೊಬ್ಬರಿ ಮಂಡಿಯೊಂದರ ಮೇಲಂತಸ್ತಿನಲ್ಲಿ ಮೂರು ಕಂಪ್ಯೂಟರ್ ಇಟ್ಟುಕೊಂಡು ಕಾರ್ಟೂನ್ ಧಾರಾವಾಹಿ ತಯಾರಿಸುತ್ತಿದ್ದ ದೀಪಕ್ ಎಂಬ ಯುವಕ ಪ್ರಾಧಿಕಾರದ ಬಾಗಿಲಿಗೆ ಬಂದಾಗ, ಆಡಳಿತಾಧಿಕಾರಿ ಇಂದುಧರ ಅವರು ಕುರ್ಚಿಯಿಂದ ಎದ್ದು ನಿಂತು ಬರಮಾಡಿಕೊಂಡರು. ಪ್ರಾಧಿಕಾರದ ಅನುಮೋದನೆ ದೊರೆತರೆ ಧಾರಾವಾಹಿಯು ಅರಸೀಕೆರೆ, ಬೇಲೂರು, ಹಳೇಬೀಡುಗಳ ಬಸ್ ನಿಲ್ದಾಣದ ಪರದೆಗಳ ಮೇಲೆ, ಶಾಲೆಗಳಲ್ಲಿ, ಎಲ್ಲರ ಫೋನುಗಳಲ್ಲಿ ಪ್ರಸಾರವಾಗುವುದಿತ್ತು.

ಧಾರಾವಾಹಿಯ ಹೆಸರು ‘ಸಿಡಿಲಕ್ಕ’. ಅದರ ನಾಯಕಿ ಹಗಲೆಲ್ಲ ಒಂದು ಕಚೇರಿಯಲ್ಲಿ ಟಪಾಲು ವಿಂಗಡಿಸುವ ಗುಮಾಸ್ತೆ ಸುಶೀಲಾ. ಸಂಜೆ ಐದೂವರೆಗೆ ಕಚೇರಿ ಮುಚ್ಚಿದೊಡನೆ ಮುಖವಾಡ ಹಾಕಿ, ಗಿಟಾರ್ ಹಿಡಿದು, ಸಿಡಿಲಕ್ಕನೆಂಬ ರಾಕ್ ಗಾಯಕಿಯಾಗಿ ಬೀದಿಗಿಳಿಯುತ್ತಾಳೆ. ಹಗಲಲ್ಲಿ ತಾನೇ ಮೊಹರು ಒತ್ತಿದ ಕಾಗದಗಳ ಮೇಲೆ ಹಾಡು ಕಟ್ಟಿ ಹಾಡುತ್ತಾಳೆ. ಇಬ್ಬರೂ ಒಬ್ಬಳೇ ಎಂಬುದು ಕತೆಯಲ್ಲಿ ಯಾರಿಗೂ ಗೊತ್ತಿಲ್ಲ.

‘ಮೊಹರು ಬಿದ್ದರೆ ಮನುಷ್ಯ, ಬೀಳದಿದ್ದರೆ ನೆರಳು’ ಎಂಬ ಧಾರಾವಾಹಿಯ ಹಾಡನ್ನು ಬರೆದವಳು, ಹಾಡಿದವಳು, ಸಿಡಿಲಕ್ಕನ ಪ್ರತಿಯೊಂದು ಮಾತಿಗೂ ಕಂಠ ಕೊಟ್ಟವಳು ಮಾಲಿನಿ. ನಿವೃತ್ತ ಶಿಕ್ಷಕಿ ಚಲುವಮ್ಮನವರ ಮಗಳು, ಸಮಾಜಶಾಸ್ತ್ರದಲ್ಲಿ ಎಂ.ಎ.; ವಯಸ್ಸು ಇಪ್ಪತ್ತಾರು. ಅವಳಿಗೆ ಬೇಕಾಗಿದ್ದುದು ಒಂದೇ: ತೆರೆಯ ಮೇಲೆ ಮೂರು ಸೆಕೆಂಡು ಕಾಲ ಅವಳ ಹೆಸರು. ಇದಕ್ಕೆ ಹಿನ್ನೆಲೆಯಿದೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅವಳು ಪರದೆಯ ಹಿಂದೆ ನಿಂತು ಹಾಡಿದ್ದಳು. ಪರದೆಯ ಮುಂದೆ ಬೇರೊಬ್ಬ ಹುಡುಗಿ ತುಟಿ ಆಡಿಸಿದ್ದಳು. ಅದು ಬೆಳಕಿನ ವ್ಯವಸ್ಥೆಗೆ ಸಂಬಂಧಿಸಿದ ತೊಂದರೆ ಎಂದು ಆಗ ತಿಳಿಸಲಾಗಿತ್ತು. ಆದ್ದರಿಂದ ಈ ಬಾರಿ ದೀಪಕ್‌ನಿಂದ ಅವಳು ಲಿಖಿತ ಒಪ್ಪಂದವನ್ನೇ ಪಡೆದಿದ್ದಳು: ‘ಗಾಯನ ಮತ್ತು ಕಂಠ – ಮಾಲಿನಿ.’

ಇಂದುಧರ ಅವರು ಅರ್ಜಿಯ ಪುಟ ತಿರುವಿದರು.

“ಕಲಾವಿದೆಯ ಹೆಸರು ಸಿಡಿಲಕ್ಕ. ಸರಿ. ತಂದೆ ಹೆಸರು ಖಾಲಿ ಇದೆ. ವಿಳಾಸ ಖಾಲಿ ಇದೆ. ಜಾತಿ ಕಾಲಂ ಕೂಡ ಖಾಲಿ.”

“ಸಾರ್, ಅದು ಬರೆದ ಚಿತ್ರ,” ಎಂದ ದೀಪಕ್.

“ಚಿತ್ರ ಅಂತ ನಮಗೂ ಗೊತ್ತಿದೆ ಕಣ್ರೀ. ಚಿತ್ರಗಳಿಗೆ ವಿನಾಯಿತಿ ಕೊಡಬೇಕು ಅಂತ ನಿಯಮದಲ್ಲಿ ಎಲ್ಲಿದೆ, ತೋರಿಸಿ.”

ನಿಯಮದಲ್ಲಿ ಎಲ್ಲಿಯೂ ಇರಲಿಲ್ಲ. ದೀಪಕ್ ಅಲ್ಲೇ ನಿಂತು ಯೋಚಿಸಿದ. ಸುಶೀಲಾಳ ಮನೆಯನ್ನು ಬರೆಯುವಾಗ ಅವನು ಹಳೇಬೀಡಿನ ಒಂದು ಬೀದಿಯ ಫೋಟೋ ತೆಗೆದು, ಅದನ್ನೇ ನೋಡಿಕೊಂಡು ಗೆರೆ ಎಳೆದಿದ್ದ. ನೀಲಿ ಬಾಗಿಲು, ಜಗಲಿ, ಬಾಗಿಲ ಮೇಲೆ ಪಂಚಾಯಿತಿಯವರು ಬಳಿದ ಮನೆ ಸಂಖ್ಯೆ, ಎಲ್ಲವೂ ಚಿತ್ರದಲ್ಲಿದ್ದವು. ಆ ಸಂಖ್ಯೆಯನ್ನೇ ಅವನು ವಿಳಾಸದ ಕಾಲಂನಲ್ಲಿ ತುಂಬಿದ.

“ನೋಡಿ, ಎಷ್ಟು ಸುಲಭ,” ಎಂದರು ಇಂದುಧರ. “ಉಳಿದ ಕಾಲಂ ಸ್ಥಳ ಮಹಜರಿನಲ್ಲಿ ತುಂಬಿಕೊಂಡರೆ ಮುಗೀತು.”

ಮಹಜರಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅಧಿಕಾರಿ ಸ್ಥಳಕ್ಕೆ ಬರುತ್ತಾರೆ; ನೆರೆಹೊರೆಯ ಐವರು ಪಂಚರಾಗಿ ಕೂರುತ್ತಾರೆ; ಇಂಥವರನ್ನು ನಾವು ಬಲ್ಲೆವು ಎಂದು ಸಹಿ ಮಾಡುತ್ತಾರೆ. ಪಂಚರಾದವರು ‘ಗೊತ್ತಿಲ್ಲ’ ಎನ್ನುವ ಪದ್ಧತಿ ನಮ್ಮ ಸೀಮೆಯಲ್ಲಿಲ್ಲ. ಇಂದು ಪಕ್ಕದ ಮನೆಯವರ ಮಹಜರಿಗೆ ಸಹಿ ಹಾಕದವರ ಮಹಜರಿಗೆ ನಾಳೆ ಯಾರು ಹಾಕುತ್ತಾರೆ? ಪಿಂಚಣಿಯಿಂದ ಹಿಡಿದು ಪೌತಿ ಖಾತೆಯವರೆಗೆ ಎಲ್ಲವೂ ನಿಂತಿರುವುದು ಈ ಪರಸ್ಪರ ಪರಿಚಯದ ಮೇಲೆಯೇ.

ಪ್ರಾಧಿಕಾರದ ಸ್ಥಳ ಪರಿಶೀಲಕರಾದ ಸ್ವಾಮಿಯವರು ನಿಗದಿತ ದಿನ ಹಳೇಬೀಡಿಗೆ ಹೊರಟರು. ಅವರು ಅರಸೀಕೆರೆಯಲ್ಲಿ ಮಾಲಿನಿಯ ಬೀದಿಯವರೇ. ಅರ್ಜಿದಾರರ ಪರವಾಗಿ ಒಬ್ಬರು ಹಾಜರಿರಬೇಕೆಂಬ ನಿಯಮವಿದ್ದುದರಿಂದ, ದೀಪಕ್‌ಗೆ ಬಿಡುವಿಲ್ಲದೆ, ಮಾಲಿನಿಯೇ ಅವರ ಜೊತೆ ಹೋದಳು.

ನೀಲಿ ಬಾಗಿಲಿನ ಮನೆ ತೆಂಗಿನಕಾಯಿ ವ್ಯಾಪಾರಸ್ಥರ ಕುಟುಂಬದ ಕಮಲಾಕ್ಷಮ್ಮನವರದು. ಅವರು ಎದುರುಗಡೆ ವಾಸವಾಗಿದ್ದು, ಈ ಮನೆಯಲ್ಲಿ ಕಾಯಿ ತುಂಬಿಸಿದ್ದರು. ಪಂಚರಲ್ಲಿ ಹಿರಿಯಳಾದ ಮಾದಮ್ಮ ಮೊದಲು ಮಾತಾಡಿದಳು.

“ಸುಶೀಲಾನಾ? ಅಯ್ಯೋ, ನಮ್ ಕೈಯಾಗೆ ಆಡಿ ಬೆಳೆದ ಕೂಸು ಕಣ್ರೀ. ಸಣ್ಣೋಳಿದ್ದಾಗ್ಲೇ ಬೀದಿ ಕಿತ್ತೋಗಂಗೆ ಕಿರುಚೋಳು. ಇದು ಮುಂದಕ್ಕೆ ಹಾಡುಗಾತಿ ಆಯ್ತದೆ ಅಂತ ಆವತ್ತೇ ಅಂದಿದ್ದೆ.”

ಮಾಲಿನಿ ತಡೆಯಲಾರದೆ ಹೇಳಿದಳು: “ಅಜ್ಜೀ, ಅದು ಕಾರ್ಟೂನು. ಕಂಪ್ಯೂಟರಲ್ಲಿ ಬರೆದಿದ್ದು.”

“ಇರ್ಲಿ ಬಿಡವ್ವ. ಚಿತ್ರದಾಗಿರೋಳಿಗೂ ಒಂದು ಮನೆ ಮಠ ಬ್ಯಾಡ್ವಾ?” ಎಂದು ಮಾದಮ್ಮ ಹೆಬ್ಬೆಟ್ಟನ್ನು ಮುಂದೆ ಚಾಚಿದಳು. “ಒತ್ತುಸ್ಕಳಪ್ಪ. ಹಂಗೇ ನನ್ನ ಪಿಂಚಣಿ ನಿಂತು ಮೂರು ತಿಂಗಳಾಯ್ತು, ಅದ್ಕೂ ನೀನೇ ಬತ್ತೀಯೋ, ಬ್ಯಾರೇರು ಬತ್ತಾರೋ?”

ಮುಂದಿನ ಮೂವರು ಮಾದಮ್ಮನ ಹೇಳಿಕೆಯನ್ನು ಅನುಮೋದಿಸಿದರು. ಒಬ್ಬರು ಸುಶೀಲಾಳಿಗೆ ಸೈಕಲ್ ಕಲಿಸಿದ್ದನ್ನು ನೆನೆದರು. ಮತ್ತೊಬ್ಬರು ಅವಳು ಮೊನ್ನೆ ಮೊನ್ನೆ ಮಾಲೇಕಲ್ಲು ತಿರುಪತಿ ಬೆಟ್ಟದ ಮೆಟ್ಟಿಲಲ್ಲಿ ಸಿಕ್ಕಿ, ಸ್ವಲ್ಪ ಸೊರಗಿದಂತೆ ಕಂಡಳು ಎಂದರು. ಆಮೇಲೆ ಸ್ವಾಮಿಯವರ ಪೆನ್ನು ಜಾತಿ ಕಾಲಂನ ಮೇಲೆ ನಿಂತಿತು. ಎಲ್ಲರೂ ಮನೆಯ ಒಡತಿಯನ್ನು ನೋಡಿದರು.

“ಇದರಲ್ಲಿ ಯೋಚನೆ ಮಾಡೋದೇನಿದೆ?” ಎಂದರು ಐದನೆಯ ಪಂಚರಾದ ಕಮಲಾಕ್ಷಮ್ಮ. “ನಮ್ಮ ಮನೇಲಿ ಇರೋಳು ಅಂದ್ಮೇಲೆ ನಮ್ಮೋಳೇ. ಬೇರೆಯೋರಿಗೆ ನಾವು ಮನೆ ಕೊಡಲ್ಲವಲ್ಲ.”

ವಾದ ತರ್ಕಬದ್ಧವಾಗಿದ್ದುದರಿಂದ ಸ್ವಾಮಿಯವರು ಬರೆದುಕೊಂಡರು. ಎರಡು ವರ್ಷದ ಹಿಂದೆ ಹಳೇಬೀಡಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಗ, ಬಾಡಿಗೆ ಮನೆ ಹುಡುಕುತ್ತ ಇದೇ ಬೀದಿಗೆ ಬಂದಿದ್ದ ಮಾಲಿನಿ ಇದೇ ವಾಕ್ಯವನ್ನು ಇದೇ ಬಾಯಿಂದ ಕೇಳಿದ್ದಳು. ಆಗ ಅದನ್ನು ಬರೆದುಕೊಳ್ಳಲು ಯಾರೂ ಇರಲಿಲ್ಲ. ಅವಳು ಆರು ತಿಂಗಳು ಅರಸೀಕೆರೆಯಿಂದ ದಿನಾ ಬಸ್ಸಿನಲ್ಲಿ ಓಡಾಡಿದ್ದಳು.

ಹಿಂದಿರುಗುವ ಬಸ್ಸಿನಲ್ಲಿ ಸ್ವಾಮಿ ಕಿಟಕಿಯಾಚೆ ನೋಡುತ್ತ ಹೇಳಿದರು: “ಪಂಚರು ಹೇಳಿದ್ದನ್ನ ಬರೆಯೋದಷ್ಟೇ ನನ್ನ ಕೆಲಸ, ತಂಗಿ.”

“ನಾನೇನೂ ಕೇಳಲಿಲ್ವಲ್ಲ, ಅಣ್ಣ.”

“ಅದಕ್ಕೇ ಹೇಳ್ದೆ.”

ಅನುಮೋದನೆ ಬಂದಿತು. ನಡುವೆ ಒಂದು ಸಣ್ಣ ತೊಡಕು ಉಂಟಾಗಿ, ಕಚೇರಿ ನೌಕರಳಾದ ಸುಶೀಲಾ ಪೂರ್ವಾನುಮತಿಯಿಲ್ಲದೆ ಹಾಡುತ್ತಿರುವುದೇಕೆ ಎಂದು ಅವಳ ವಿಳಾಸಕ್ಕೆ ನೋಟಿಸು ಹೋಯಿತು. ಕಮಲಾಕ್ಷಮ್ಮನವರು ಅದನ್ನು ಸಹಿ ಹಾಕಿ ಪಡೆದು, ಹುಡುಗಿಯ ಪರವಾಗಿ ಕ್ಷಮೆ ಕೋರಿದ್ದರಿಂದ ವಿಷಯವನ್ನು ಮುಕ್ತಾಯಗೊಳಿಸಲಾಯಿತು.

ಆದರೆ ಮೊದಲ ಕಂತು ಪ್ರಸಾರವಾದಾಗ ತೆರೆಯ ಮೇಲೆ ‘ಗಾಯನ ಮತ್ತು ಕಂಠ – ಸಿಡಿಲಕ್ಕ’ ಎಂದಿತ್ತು. ಮಾಲಿನಿ ಒಪ್ಪಂದದ ಪ್ರತಿ ಹಿಡಿದು ಇಂದುಧರ ಅವರ ಮುಂದೆ ನಿಂತಳು. ಅವರು ಅವಳಿಗೆ ಕಾಫಿ ತರಿಸಿದರು.

“ನೋಡಮ್ಮ, ಗುಪ್ತ ಗುರುತು ಅಂತ ಅರ್ಜಿಯಲ್ಲಿ ಬರೆದುಕೊಟ್ಟಿರೋದು ನೀವೇ. ಹಾಡಿದ್ದು ಯಾರು ಅಂತ ನಾವೇ ತೆರೆ ಮೇಲೆ ಹಾಕಿಬಿಟ್ಟರೆ ಗುಪ್ತ ಎಲ್ಲುಳೀತು?”

“ಅವಳ ಗುಪ್ತ ಗುರುತು ನಿಮ್ಮ ಸೂಚನಾ ಫಲಕದಲ್ಲೇ ಇದೆಯಲ್ಲ ಸಾರ್. ವಿಳಾಸದ ಸಮೇತ.”

“ಅದು ಅಧಿಕೃತ ಗುಪ್ತ ಗುರುತು. ನಿಮ್ಮದು ಅನಧಿಕೃತ.”

ದೀಪಕ್ ಅವಳನ್ನು ಮೆಟ್ಟಿಲ ಬಳಿ ಸಮಾಧಾನಪಡಿಸಿದ. “ಗಲಾಟೆ ಮಾಡಿದ್ರೆ ಉಳಿದ ಕಂತುಗಳು ನಿಲ್ಲುತ್ತೆ ಕಣೇ. ಹೆಸರೇನ್ ಮಹಾ? ಹಾಡು ನಿಂದೇ ಅಲ್ವಾ?”

“ಹಾಗಾದ್ರೆ ‘ನಿರ್ದೇಶನ – ದೀಪಕ್’ ಅನ್ನೋದನ್ನೂ ತೆಗೆಸು.”

“ನಂದು ಗುಪ್ತ ಅಲ್ವಲ್ಲೇ,” ಎಂದ ದೀಪಕ್, ಪ್ರಾಮಾಣಿಕವಾಗಿ.

ಮೂರು ತಿಂಗಳಲ್ಲಿ ಸಿಡಿಲಕ್ಕ ಮನೆಮಾತಾದಳು. ಬಿಕ್ಕೋಡಿನ ಜೀಪುಗಳಲ್ಲಿ ಕಾಫಿ ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಅವಳ ಹಾಡನ್ನು ಹಾಡಿಕೊಂಡು ಹೋದರು. ಅರೇಹಳ್ಳಿ ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೇಳುವ ಬದಲು ಅದೇ ರಾಗದಲ್ಲಿ ಶಿಳ್ಳೆ ಹಾಕಿದ. ವರ್ಷದ ಕೊನೆಯಲ್ಲಿ ಪ್ರಾಧಿಕಾರವು ‘ವಲಯದ ಅತ್ಯುತ್ತಮ ಗಾಯಕಿ’ ಪ್ರಶಸ್ತಿಯನ್ನು ಸಿಡಿಲಕ್ಕನಿಗೆ ಘೋಷಿಸಿತು. ಬೇಲೂರಿನಲ್ಲಿ ನಡೆದ ಸಮಾರಂಭದಲ್ಲಿ ಪೋಷಕರ ನೆಲೆಯಲ್ಲಿ ಕಮಲಾಕ್ಷಮ್ಮನವರು ಶಾಲು ಹೊದೆಸಿಕೊಂಡು, “ನಮ್ಮ ಮನೆ ಹುಡುಗಿ, ಮಾತು ಕಡಿಮೆ,” ಎಂದು ಎರಡು ಮಾತಾಡಿದರು. ಹುಡುಗಿಗೆ ಈಗಾಗಲೇ ಎರಡು ಕಡೆಯಿಂದ ಸಂಬಂಧ ಬಂದಿದೆಯೆಂದೂ, ಜಾತಕಕ್ಕಾಗಿ ದೀಪಕ್‌ನನ್ನು ಕೇಳಲಾಗಿದೆಯೆಂದೂ ತಿಳಿಸಿದರು. ಧ್ವನಿವರ್ಧಕದಲ್ಲಿ ಹಾಡು ಮೊಳಗಿತು. ಹನ್ನೊಂದನೆಯ ಸಾಲಿನ ಕುರ್ಚಿಯಲ್ಲಿ ಕೂತಿದ್ದ ಚಲುವಮ್ಮ ಮಗಳ ಮೊಣಕೈ ಹಿಡಿದರು.

“ನಿನ್ನ ದನಿ ಅಲ್ವೇನೇ ಇದು?”

“ದಾಖಲೆ ಪ್ರಕಾರ ಅಲ್ಲಮ್ಮ.”

ಚಲುವಮ್ಮ ಮೂವತ್ತೊಂದು ವರ್ಷ ಹಾಜರಿ ಪುಸ್ತಕ ಬರೆದವರು. ಹಾಜರಿದ್ದ ಒಂದು ಮಗುವಿಗೂ ಗೈರು ಹಾಕಿದವರಲ್ಲ. “ಅರ್ಜಿ ಕೊಡು,” ಎಂದರು.

ಮಾಲಿನಿ ಆಕ್ಷೇಪಣಾ ಅರ್ಜಿ ಕೊಟ್ಟಳು. ಸದರಿ ಧ್ವನಿ ತನ್ನದೆಂದೂ, ಪರೀಕ್ಷೆಗೆ ಸಿದ್ಧಳಿರುವುದಾಗಿಯೂ ಅದರಲ್ಲಿ ನಿವೇದಿಸಿದ್ದಳು. ನಲವತ್ತು ದಿನಗಳ ನಂತರ ವಿಚಾರಣೆ ನಡೆಯಿತು. ಇಂದುಧರ ಅವರು ಫ್ಯಾನ್ ನಿಲ್ಲಿಸಲು ಆದೇಶಿಸಿದರು. ಮಾಲಿನಿ ಕಡತಗಳ ಬೀರುವಿನ ಪಕ್ಕದಲ್ಲಿ ನಿಂತು ಹಾಡಿದಳು. ಗಿಟಾರ್ ಇರಲಿಲ್ಲ, ಇಪ್ಪತ್ತಾರು ವರ್ಷದ ಕೋಪವೊಂದೇ ಪಕ್ಕವಾದ್ಯ. ಕಚೇರಿಯ ಎದುರಿನ ಮಂಡಿಯಲ್ಲಿ ಕೊಬ್ಬರಿ ಚೀಲ ಹೊಲಿಯುತ್ತಿದ್ದವರು ಸೂಜಿ ನಿಲ್ಲಿಸಿ ಇತ್ತ ನೋಡಿದರು. ಹಾಡು ಮುಗಿದಾಗ ಇಡೀ ಕಚೇರಿ ಚಪ್ಪಾಳೆ ತಟ್ಟಿತು. ಇಂದುಧರ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಆದೇಶವನ್ನು ಓದಿದರು.

‘ಅರ್ಜಿದಾರರ ಧ್ವನಿಯನ್ನು ಖುದ್ದಾಗಿ ಆಲಿಸಲಾಯಿತು. ಅದು ಕುಮಾರಿ ಸಿಡಿಲಕ್ಕನವರ ಧ್ವನಿಯನ್ನು ಎಲ್ಲ ರೀತಿಯಲ್ಲೂ ಹೋಲುತ್ತದೆ. ಸಿಡಿಲಕ್ಕನವರ ಧ್ವನಿ ಪ್ರಾಧಿಕಾರದ ದಾಖಲೆಯಲ್ಲಿದ್ದು, ಅರ್ಜಿದಾರರ ಧ್ವನಿ ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ಆದ್ದರಿಂದ ಅರ್ಜಿದಾರರು ಸಿಡಿಲಕ್ಕನವರನ್ನು ಅನುಕರಿಸುತ್ತಿರುವುದು ಸಂಶಯಾತೀತವಾಗಿ ಸಾಬೀತಾಗಿದೆ. ಅನುಕರಣೆಯ ಗುಣಮಟ್ಟವನ್ನು ಮೆಚ್ಚಿ, ಸಹಾನುಭೂತಿಯಿಂದ ಪರಿಶೀಲಿಸಿ, ಅರ್ಜಿದಾರರಿಗೆ ಒಂದು ವರ್ಷದ ಅನುಕರಣಾ ಪರವಾನಗಿ ನೀಡಲಾಗಿದೆ. ಪರವಾನಗಿಯಿಲ್ಲದೆ ಸದರಿ ಧ್ವನಿಯಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಹಾಡತಕ್ಕದ್ದಲ್ಲ.’

“ಮಾತಾಡಬಹುದಾ ಸಾರ್?” ಎಂದಳು ಮಾಲಿನಿ.

ಇಂದುಧರ ಅವರು ನಿಯಮಾವಳಿಯನ್ನು ತಿರುವಿ ನೋಡಿದರು. “ಹಾಡಿನ ಬಗ್ಗೆ ಮಾತ್ರ ಇದೆ. ಮಾತಾಡಿ, ತೊಂದರೆಯಿಲ್ಲ.”

ಆದರೂ ಅವರು ಹೃದಯವಂತರು. ಎರಡನೆಯ ವರ್ಷದ ಮೊದಲ ಕಂತಿನಲ್ಲಿ, ಅವರ ಶಿಫಾರಸಿನ ಮೇರೆಗೆ, ತೆರೆಯ ಮೇಲೆ ಮೂರು ಸೆಕೆಂಡು ಕಾಲ ಹೀಗೆ ಮೂಡಿತು: ‘ಗಾಯನ ಮತ್ತು ಕಂಠ – ಸಿಡಿಲಕ್ಕ. ಸಿಡಿಲಕ್ಕನ ಅನುಕರಣೆ – ಮಾಲಿನಿ, ಪರವಾನಗಿ ಸಂಖ್ಯೆ ಒಂದು.’ ಬೀದಿಯವರು ಮನೆಗೆ ಬಂದು ಅಭಿನಂದಿಸಿದರು. ಎಷ್ಟು ದಿನ ಅಭ್ಯಾಸ ಮಾಡಿದರೆ ಅವಳಂತೆಯೇ ಹಾಡಲು ಬರುತ್ತದೆ ಎಂದು ಕೇಳಿದರು. ಚಲುವಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಪರವಾನಗಿಯ ನವೀಕರಣಕ್ಕೆ ಮೂಲ ಕಲಾವಿದೆಯ ಮಹಜರೂ ನವೀಕರಣಗೊಂಡಿರಬೇಕೆಂಬುದು ನಿಯಮ. ಆ ವೇಳೆಗೆ ಮಾದಮ್ಮ ತೀರಿಕೊಂಡಿದ್ದಳು. ಅವಳ ಪಿಂಚಣಿಯ ಮಹಜರು ಇನ್ನೂ ನಡೆಯುವುದಿತ್ತು. ಹೀಗಾಗಿ ನೀಲಿ ಬಾಗಿಲಿನ ಮುಂದೆ ನಾಲ್ಕೇ ಜನ ಪಂಚರು ಸೇರಿದರು. ಐದನೆಯವರಿಗಾಗಿ ಒಂದು ಗಂಟೆ ಕಾದ ಮೇಲೆ ಸ್ವಾಮಿಯವರು, ತನ್ನ ಪರವಾನಗಿಯ ಕಾಗದ ಹಿಡಿದು ಬಂದಿದ್ದ ಮಾಲಿನಿಯ ಕಡೆ ನೋಡಿದರು.

“ನೀನೇ ಕೂತ್ಕೊಂಡ್ಬಿಡು ತಂಗಿ. ಇಲ್ಲಾಂದ್ರೆ ನಿಂದೂ ನಿಲ್ಲುತ್ತೆ.”

ಕಮಲಾಕ್ಷಮ್ಮನವರು ಆಕ್ಷೇಪಿಸಲಿಲ್ಲ; ಜಗಲಿಯ ತುದಿಯಲ್ಲಿ ಜಾಗ ತೋರಿಸಿದರು. ನಾಲ್ವರೂ ತಮ್ಮ ಹೇಳಿಕೆ ಬರೆಸಿದರು. ಸೈಕಲ್ ಕಲಿಸಿದವರು ಈ ಬಾರಿ ಈಜನ್ನೂ ಸೇರಿಸಿದರು. ಸ್ವಾಮಿ ತಲೆಯೆತ್ತದೆ ಎಲ್ಲವನ್ನೂ ಬರೆದುಕೊಂಡರು.

“ಪಂಚರು ಐದು. ಹೆಸರು ಮಾಲಿನಿ. ಸಿಡಿಲಕ್ಕನವರನ್ನ ಎಷ್ಟು ವರ್ಷದಿಂದ ಬಲ್ಲಿರಿ?”

“ಹುಟ್ಟಿದಾಗಿನಿಂದ.”

“ಹೇಗೆ ಬಲ್ಲಿರಿ?”

“ಅವಳು ಹಾಡೋಕೆ ಉಸಿರು ತಗೊಳ್ಳೋದು ಎಲ್ಲಿ, ಬಿಡೋದು ಎಲ್ಲಿ ಅಂತ ನನಗೊಬ್ಬಳಿಗೇ ಗೊತ್ತು.”

ಸ್ವಾಮಿಯವರ ಪೆನ್ನು ನಿಂತಿತು. ಹಿಂದಿನ ನಾಲ್ಕು ಹೇಳಿಕೆಗಳನ್ನು ಒಮ್ಮೆ ಕಣ್ಣಾಡಿಸಿ, ಅವರು ಮೆಲ್ಲಗೆ ಹೇಳಿದರು:

“ಇದು ಸ್ವಲ್ಪ ಅತಿಯಾಯ್ತು, ತಂಗಿ. ಮೇಲಿನೋರು ನಂಬಲ್ಲ.”

ಉಳಿದ ಪಂಚರೂ ಹೌದೆಂದು ತಲೆಯಾಡಿಸಿದರು. ಆದ್ದರಿಂದ ಅದನ್ನು ಹೊಡೆದುಹಾಕಿ, ‘ನೆರೆಹೊರೆಯವರ ಬಾಯಿಂದ ಕೇಳಿ ಬಲ್ಲೆ’ ಎಂದು ತಿದ್ದಲಾಯಿತು. ಮಾಲಿನಿ ಓದಿ ನೋಡಿ ಸಹಿ ಮಾಡಿದಳು. ಮಹಜರು ಕ್ರಮಬದ್ಧವಾಗಿ ಮುಕ್ತಾಯವಾಯಿತು.