ಚೋಕ್ ಬಿಟ್ಟು ಕೇಬಲ್ ತಂದ ಜಾಣ

ದೊಡ್ಡಬಳ್ಳಾಪುರದ ಕಡೆಯ ವಿಜಯಪುರದಲ್ಲಿ ರೇಷ್ಮೆ ಹುರಿ ಮಾಡುವ ಮಿಷನ್ ಇಟ್ಟಿರುವ ನಾನು, ಚೌಕಾಸಿ ಮಾಡದೆ ಬೆಂಕಿಪೊಟ್ಟಣವನ್ನೂ ಕೊಂಡವನಲ್ಲ. ಮೋಟರಿನ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವ ಡ್ರೈವ್ ಕೊಳ್ಳಲು ಹೊರಟಾಗಲೂ ಅದೇ ಧೈರ್ಯವಿತ್ತು.

ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ರೀವೈಂಡಿಂಗ್ ಅಂಗಡಿಯ ಮುನಿರಾಜಣ್ಣ ಡ್ರೈವ್ ಪಕ್ಕದಲ್ಲಿ ಇನ್ನೊಂದು ಭಾರದ ಡಬ್ಬಿ ಇಟ್ಟರು. "ಇದು ಚೋಕ್. ನಿಮ್ದು ಹಳೇ ಮೋಟ್ರು, ಡ್ರೈವ್ ಕೊಡೋ ವೋಲ್ಟೇಜ್ ಏಟು ತಡ್ಕೊಳ್ಳಲ್ಲ. ಇದನ್ನ ಎರಡ್ರ ಮಧ್ಯ ಹಾಕಿ. ಡ್ರೈವ್‌ನ ಮೋಟ್ರು ಪಕ್ಕದಲ್ಲೇ ಕೂರ್ಸಿ."

"ಇದ್ರಲ್ಲಿ ತಿರುಗೋದು ಏನೈತೆ?"

"ಏನಿಲ್ಲ."

"ದೀಪ ಗೀಪ ಉರೀತದಾ?"

"ಇಲ್ಲ."

"ಮತ್ತೆ ಸುಮ್ನೆ ಕೂತಿರೋದಕ್ಕೆ ನಾನಿದೀನಲ್ಲಣ್ಣ!"

ಚೋಕ್ ಹಿಂದಕ್ಕೆ ತಳ್ಳಿದೆ. ಮೂಲೆಯಲ್ಲಿದ್ದ ಒಂದು ಸುರುಳಿ ಕೇಬಲನ್ನು ಕೊಸರಿಗೆ ಹಾಕಿಸಿಕೊಂಡು ಗೆದ್ದು ಬಂದೆ!

ಕೊಸರಿಗೆ ಬಂದದ್ದು ವ್ಯರ್ಥವಾಗಬಾರದಲ್ಲ? ಮಿಷನ್ ಹಿತ್ತಲ ಶೆಡ್ಡಿನಲ್ಲಿತ್ತು. ಡ್ರೈವನ್ನು ಮಾತ್ರ ಮನೆಯ ಮುಂದಿನ ಪಡಸಾಲೆಯಲ್ಲಿ, ನನ್ನ ಕುರ್ಚಿಯ ಪಕ್ಕದ ಗೋಡೆಗೆ ಪ್ರತಿಷ್ಠಾಪಿಸಿ, ಮೋಟರಿನವರೆಗೂ ಆ ಕೇಬಲ್ ಎಳೆಸಿ, ಅರಿಶಿನ ಕುಂಕುಮ ಹಚ್ಚಿದೆ. ಗಿರಾಕಿ ಕಾಫಿ ಕುಡಿಯುವಾಗ ನಾನು ಗುಂಡಿ ತಿರುಗಿಸುವುದು, ಹಿತ್ತಲಲ್ಲಿ ಮಿಷನ್ ಗುಂಯ್‌ಗುಡುವುದು. ಏನು ಗತ್ತು!

ಆಗ ನನ್ನ ಹೆಂಡತಿ ಸರೋಜಳ ತಂಗಿಗೆ ಮದುವೆ ಗೊತ್ತಾಗಿತ್ತು. ಧಾರೆ ಸೀರೆಯ ರೇಷ್ಮೆ ನಮ್ಮ ಮಿಷನ್ನಿನಲ್ಲೇ ಹುರಿಯಾಗುತ್ತದೆಂದು ಸರೋಜ ತವರಿಗೆ ಮಾತು ಕೊಟ್ಟಿದ್ದಳು. ದೊಡ್ಡಬಳ್ಳಾಪುರದ ನೇಕಾರರು ಮಗ್ಗ ಖಾಲಿ ಇಟ್ಟುಕೊಂಡು ಕಾಯುತ್ತಿದ್ದರು.

ಮೂರನೆಯ ದಿನ ಸುಟ್ಟ ವಾಸನೆ.

"ಲೇ, ಒಗ್ಗರಣೆ ಸೀದೋಯ್ತು ನೋಡೇ!"

"ಒಲೆನೇ ಹಚ್ಚಿಲ್ಲ ರೀ!"

ಸೀದದ್ದು ಮೋಟರ್.

ಮುನಿರಾಜಣ್ಣನ ಕೈಗುಣವೇ ಸರಿಯಿಲ್ಲವೆಂದು ಜಗಳವಾಡಿ ಬಿಟ್ಟಿಯಾಗಿ ರೀವೈಂಡ್ ಮಾಡಿಸಿದೆ. ಎರಡನೆಯ ಗೆಲುವು! ನಾಲ್ಕೇ ದಿನಕ್ಕೆ ಅದೂ ಸುಟ್ಟುಹೋಯಿತು.

ಈ ಸಲ ಅವರೇ ಬಂದರು. ಶೆಡ್ಡಿನಲ್ಲಿ ಕೇಬಲ್ ತುದಿ ಹಿಡಿದು ನಡೆಯತೊಡಗಿದರು. ಬಚ್ಚಲು ದಾಟಿದರು. ಅಡುಗೆಮನೆ ದಾಟಿದರು. ದೇವರಮನೆ ಮುಂದೆ ಚಪ್ಪಲಿ ಬಿಟ್ಟರು. ಕೊನೆಗೆ ನನ್ನ ಕುರ್ಚಿಯ ಬಳಿ ಬಂದು ನಿಂತರು.

"ಯಜಮಾನ್ರೇ, ಡ್ರೈವು ಕರೆಂಟ್‌ನ ತುಂಡು ತುಂಡಾಗಿ ಕಡ್ದು ಕಳಿಸ್ತದೆ. ಇಷ್ಟುದ್ದ ಕೇಬಲ್‌ನಲ್ಲಿ ಅದು ಓಡೋಗಿ ಮೋಟ್ರಿಗೆ ಗುದ್ದಿದ್ರೆ ಏಟು ಡಬಲ್. ಮೋಟ್ರೊಳಗಿನ ವೈರಿನ ಮೇಲಿನ ವಾರ್ನಿಶ್ ಎಷ್ಟು ದಿನ ತಡೀತದೆ? ಅದಕ್ಕೇ ಚೋಕ್ ಅಂದಿದ್ದು."

"ಕೇಬಲ್ ಕೊಟ್ಟಿದ್ದು ನೀವೇ ಅಲ್ವಾ?"

"ನಾನೆಲ್ಲಿ ಕೊಟ್ಟೆ? ನೀವ್ ಕಿತ್ಕೊಂಡ್ರಿ!"

ಬಾಗಿಲಲ್ಲಿ ನಿಂತಿದ್ದ ಸರೋಜ ಕ್ಯಾಲೆಂಡರಿನಲ್ಲಿ ಮದುವೆಗೆ ಉಳಿದ ದಿನ ಎಣಿಸತೊಡಗಿದಳು. ಆಗ ನನಗೆ ಭಯವಾಯಿತು.

ಎರಡನೆಯ ರೀವೈಂಡಿಂಗಿಗೆ ದಿನ ಉಳಿದಿರಲಿಲ್ಲ. ಪಕ್ಕದ ಬೀದಿಯ ಪ್ರತಿಸ್ಪರ್ಧಿಯ ಬಳಿ ಹುರಿ ರೇಷ್ಮೆ ಕೊಂಡೆ. ಜನ್ಮದಲ್ಲೇ ಮೊದಲ ಸಲ, ಹೇಳಿದ ಬೆಲೆಗೆ!

ಧಾರೆಯ ದಿನ ಅತ್ತೆಯವರು ಬಂದವರಿಗೆಲ್ಲ ಸೆರಗು ಹಿಡಿದು ತೋರಿಸಿದರು. "ನಮ್ಮ ಅಳಿಯಂದ್ರ ಮಿಷನ್ದೇ ರೇಷ್ಮೆ! ಹುರಿ ನೋಡಿ, ಎಷ್ಟು ಗಟ್ಟಿ!" ಸರೋಜ ನನ್ನನ್ನೇ ನೋಡಿದಳು. ನಾನು ಹೋಳಿಗೆ ನೋಡಿದೆ.

ಈಗ ಡ್ರೈವ್ ಮೋಟರಿನ ಪಕ್ಕದಲ್ಲಿದೆ, ಮಧ್ಯೆ ಚೋಕ್ ಇದೆ. ಊರಿನಲ್ಲಿ ಯಾರು ಡ್ರೈವ್ ಕೊಂಡರೂ ನಾನೇ ಹುಡುಕಿಕೊಂಡು ಹೋಗಿ, ಕೇಳದಿದ್ದರೂ ಬುದ್ಧಿ ಹೇಳಿ ಬರುತ್ತೇನೆ.

ಕೊಸರಿನ ಕೇಬಲ್ಲೂ ವ್ಯರ್ಥವಾಗಿಲ್ಲ. ಸರೋಜ ಅದನ್ನು ಹಿತ್ತಲಿನಲ್ಲಿ ಬಟ್ಟೆ ಒಣಹಾಕಲು ಕಟ್ಟಿಸಿದ್ದಾಳೆ. ಬಟ್ಟೆ ಹರವುವ ಕೆಲಸ ದಿನವೂ ನನ್ನದೇ. ಅದರಲ್ಲಿ ಚೌಕಾಸಿ ಇಲ್ಲ!