ಕಾರ್ಡ್ ಬಂತು, ಚಿತ್ರ ಬರಲಿಲ್ಲ

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಪಾರ್ಸೆಲಿನವನು ಬಾಗಿಲು ತಟ್ಟಿದಾಗ ಡೆನ್ಜಿಲ್ ಕ್ರಾಸ್ಬಿ ತಲೆಗೆ ಶಾಂಪೂ ಹಚ್ಚಿಕೊಂಡು ನಿಂತಿದ್ದ. ನೊರೆ ತೊಳೆದು ಟವೆಲ್ ಸುತ್ತಿಕೊಂಡು ಓಡಿ ಬರುವಷ್ಟರಲ್ಲಿ ಗಾಡಿ ಹೊರಟುಹೋಗಿತ್ತು. ಪಾರ್ಸೆಲ್ ಪಕ್ಕದ ಮನೆಯ ಕ್ಲೈವ್‌ನ ಕಂಕುಳಲ್ಲಿತ್ತು.

"ನಿಂದೇ ಕಣೋ. ನಾನೇ ಸಹಿ ಹಾಕ್ದೆ," ಎಂದ ಕ್ಲೈವ್ ಬೇಲಿಯ ಆಚೆಯಿಂದ. ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ತೆಂಗಿನಕಾಯಿಯಲ್ಲಿ ನೀರಿದೆಯೇ ಎಂದು ನೋಡುವವನ ಹಾಗೆ ಅಲ್ಲಾಡಿಸಿದ. "ಏನಿದು ಮಾರಾಯ?"

"ಅಲ್ಲಾಡಿಸ್ಬೇಡ! ಗ್ರಾಫಿಕ್ಸ್ ಕಾರ್ಡು. ಕಂಪ್ಯೂಟರ್‌ನಲ್ಲಿ ಚಿತ್ರ ಚೆನ್ನಾಗಿ ಬರೋಕೆ."

"ಯಾವ ಚಿತ್ರ?"

ಜುಲೈ ತಿಂಗಳ ಚಳಿಗಾಲದ ಗಾಳಿ ಸಮುದ್ರದಿಂದ ನೇರವಾಗಿ ಟವೆಲಿನ ಒಳಕ್ಕೇ ಬೀಸುತ್ತಿತ್ತು. ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ಒಳ್ಳೆಯ ಸುಳ್ಳು ಹೊಳೆಯುವುದಿಲ್ಲ, ಹತ್ತಿರದ್ದು ಹೊಳೆಯುತ್ತದೆ.

"ನಮ್ಮತ್ತೆ ಫೋಟೋಗಳು," ಎಂದ ಡೆನ್ಜಿಲ್. "ಹಳೇವು. ಲೋರ್ನಾಗೆ ಗೊತ್ತಿಲ್ದ ಹಾಗೆ ಸರಿ ಮಾಡಿ ಕೊಡೋಣ ಅಂತ."

ಕ್ಲೈವ್‌ನ ಕಣ್ಣು ತೇವವಾಯಿತು. ಅದು ಗಾಳಿಗೂ ಇರಬಹುದು. "ಹೆಂಡ್ತಿ ತಾಯಿ ಫೋಟೋಗೆ ಇಷ್ಟು ಮಾಡೋನ್ನ ನಾನು ಈ ಅಲ್ವರ್‌ಸ್ಟೋನ್ ಊರಲ್ಲೇ ನೋಡಿಲ್ಲ. ಬಟ್ಟೆ ಹಾಕ್ಕೋ, ನಾನೂ ಬರ್ತೀನಿ."

"ಬೇಡ ಕ್ಲೈವ್, ನಾನೇ..."

"ನಲವತ್ತು ವರ್ಷ ಫ್ರಿಜ್ ರಿಪೇರಿ ಮಾಡಿದೀನಿ ಕಣೋ. ಇದೂ ಕರೆಂಟೇ, ಅದೂ ಕರೆಂಟೇ."

ನಿಜ ಸಂಗತಿ ಬೇರೆ. ಡೆನ್ಜಿಲ್ ಮೂವತ್ತೊಂದು ವರ್ಷ ಅಲ್ವರ್‌ಸ್ಟೋನ್‌ನಿಂದ ಬರ್ನಿಗೆ, ಬರ್ನಿಯಿಂದ ಅಲ್ವರ್‌ಸ್ಟೋನ್‌ಗೆ ಬಸ್ಸು ಓಡಿಸಿದವನು. ಆ ಮೂವತ್ತೊಂದು ವರ್ಷವೂ ಬಸ್ಸನ್ನು ಬೈದವನು. ಬೀಳ್ಕೊಡುಗೆಯ ದಿನ ಊರಿನ ಬೋಲ್ಸ್ ಆಟದ ಕ್ಲಬ್ಬಿನಲ್ಲಿ ಎಪ್ಪತ್ತು ಜನರ ಎದುರು ಗ್ಲಾಸು ಎತ್ತಿ, "ಇನ್ನು ಮೇಲೆ ನಾನು ಬಸ್ಸಿನ ಕಡೆ ತಲೆ ಹಾಕಿ ಕೂಡ ಮಲಗಲ್ಲ" ಎಂದು ಘೋಷಿಸಿದ್ದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು.

ಮೂರನೆಯ ವಾರವೇ ತೊಂದರೆ ಶುರುವಾಯಿತು. ಅಲಾರಾಂ ಇಲ್ಲದೆ ನಾಲ್ಕೂಮುಕ್ಕಾಲಿಗೆ ಎಚ್ಚರ. ಊಟಕ್ಕೆ ಕೂತರೆ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಸ್ಟೀರಿಂಗಿನ ಹಾಗೆ ತಿರುಗಿಸುವುದು. ಒಂದು ಮಧ್ಯಾಹ್ನ ಲೋರ್ನಾ ಇಲ್ಲದಾಗ, ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟವೊಂದು ಅವನಿಗೆ ಸಿಕ್ಕಿತು. ಕುಡುಕ ಬಾಟಲಿ ಬಚ್ಚಿಡುವ ಹಾಗೆ ಅದನ್ನು ಐದು ತಿಂಗಳಿಂದ ಬಚ್ಚಿಟ್ಟುಕೊಂಡಿದ್ದ. ಹಳೆಯ ಕಂಪ್ಯೂಟರಿಗೆ ಅದನ್ನು ಎಳೆಯುವ ಶಕ್ತಿ ಇರಲಿಲ್ಲ. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಟೀ ಮಾಡಿ, ಕುಡಿದು, ಕಪ್ಪು ತೊಳೆದಿಡಬಹುದಿತ್ತು. ಅದಕ್ಕೇ ಈ ಕಾರ್ಡು. ಬುಧವಾರ ಲೋರ್ನಾ ಚರ್ಚಿನ ಹಾಲ್‌ನಲ್ಲಿ ಕೌದಿ ಹೊಲಿಯಲು ಹೋದರೆ ಮೂರು ಗಂಟೆಯವರೆಗೆ ಬರುತ್ತಿರಲಿಲ್ಲ. ಅಷ್ಟರೊಳಗೆ ಕಾರ್ಡು ಹಾಕಿ, ಡಬ್ಬಿ ಸುಟ್ಟು, ಬೂದಿಯನ್ನು ಗುಲಾಬಿ ಗಿಡಕ್ಕೆ ಹಾಕಬೇಕು ಎಂಬುದು ಅವನ ಯೋಜನೆ.

ಹತ್ತೂವರೆಗೆ ಸಿಪಿಯು ಡಬ್ಬ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಕಾರ್ಡು ಇಟ್ಟಿಗೆಯಷ್ಟು ದೊಡ್ಡದಿತ್ತು. ಅದನ್ನು ಜಾಗದಲ್ಲಿ ಕೂರಿಸಿ ಒತ್ತಿದಾಗ 'ಟಕ್' ಎಂದಿತು.

"ಕೂತ್ಕೊಂತು," ಎಂದ ಡೆನ್ಜಿಲ್.

"ಮುರೀತು," ಎಂದ ಕ್ಲೈವ್.

ಸ್ವಿಚ್ ಹಾಕಿದರು. ಮಾನಿಟರ್ ಕಪ್ಪಗೇ ಇತ್ತು. ಮಧ್ಯದಲ್ಲಿ 'ಸಿಗ್ನಲ್ ಇಲ್ಲ' ಎಂಬ ಎರಡು ಪದ ಬಂದು, ಸ್ವಲ್ಪ ಹೊತ್ತು ಇಬ್ಬರನ್ನೂ ನೋಡಿ, ಅದೂ ಆರಿಹೋಯಿತು.

ಕ್ಲೈವ್ ಸಿಪಿಯುವಿನ ಮೇಲೆ ಅಂಗೈ ಇಟ್ಟು, "ದಾರೀಲಿ ಕುಲುಕಾಡಿದೆ," ಎಂದು ತೀರ್ಪು ಕೊಟ್ಟ. "ಫ್ರಿಜ್ ಸಾಗಿಸಿದ ಮೇಲೆ ಹಾಗೇ ಬಿಡ್ಬೇಕು. ಒಳಗಿನ ಎಣ್ಣೆ ಕೆಳಗಿಳೀಬೇಕು."

"ಇದರಲ್ಲಿ ಎಣ್ಣೆ ಇಲ್ಲ ಕ್ಲೈವ್."

"ಇಲ್ದಿದ್ರೆ ಇನ್ನೂ ಬೇಗ ಇಳಿಯತ್ತೆ. ಅರ್ಧ ಗಂಟೆ ಬಿಡು."

ಇಬ್ಬರೂ ಅರ್ಧ ಗಂಟೆ ರೋಗಿಯ ಹಾಸಿಗೆಯ ಪಕ್ಕ ಕೂತವರಂತೆ ಕೂತರು. ಆ ಹೊತ್ತಿನಲ್ಲಿ ಕ್ಲೈವ್ ತನ್ನ ಹೆಂಡತಿಗೆ ಫೋನ್ ಮಾಡಿ, ಡೆನ್ಜಿಲ್‌ನಂಥ ಅಳಿಯ ಸಿಗಲು ಪುಣ್ಯ ಮಾಡಿರಬೇಕು ಎಂದು ಹೇಳಿದ. ಅವಳು ಎದುರು ಮನೆಯ ರೋವಿನಾ ಟಲಕ್‌ಗೆ ಹೇಳಿದಳು. ಹನ್ನೊಂದೂಕಾಲಿಗೆ ರೋವಿನಾ ಬಾಗಿಲಲ್ಲಿದ್ದರು.

ರೋವಿನಾ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ನಿವೃತ್ತಿಯ ಸುದ್ದಿಯನ್ನು ಅವರಿಗೆ ಯಾರೂ ಸರಿಯಾಗಿ ತಿಳಿಸಿದಂತಿರಲಿಲ್ಲ.

"ಕೈಪಿಡಿ ಓದಿದ್ಯಾ ಡೆನ್ಜಿಲ್?"

"ಇಲ್ಲ ಮೇಡಂ."

"ಅದೇ ನೋಡು."

ಅವರು ಕನ್ನಡಕ ಹಾಕಿಕೊಂಡು ಕೈಪಿಡಿಯನ್ನು ಮೊದಲ ಪುಟದಿಂದ ಗಟ್ಟಿಯಾಗಿ ಓದಿದರು. ಹದಿನಾಲ್ಕು ಭಾಷೆಗಳಿದ್ದವು. ನೀರಿನಲ್ಲಿ ಮುಳುಗಿಸಬಾರದು, ಸಣ್ಣ ಮಕ್ಕಳಿಗೆ ನುಂಗಲು ಕೊಡಬಾರದು ಎಂಬಲ್ಲಿ ನಿಲ್ಲಿಸಿ ಇಬ್ಬರನ್ನೂ ನೋಡಿದರು. ಒಂಬತ್ತನೆಯ ಪುಟಕ್ಕೆ ಬಂದಾಗ, ಕಾರ್ಡಿಗೆ ತನ್ನದೇ ಬೇರೆ ಕರೆಂಟಿನ ವೈರು ಕೊಡಬೇಕು ಎಂದು ಗೊತ್ತಾಯಿತು.

"ಹಸಿದ ಹೊಟ್ಟೇಲಿ ಕೆಲ್ಸ ಮಾಡು ಅಂದ್ರೆ ಯಾರು ಮಾಡ್ತಾರೆ?" ಎಂದರು ರೋವಿನಾ.

ವೈರು ಸಿಕ್ಕಿಸಿದರು. ಈಗ ಕಾರ್ಡಿನ ಮೂರು ಫ್ಯಾನುಗಳೂ ತಿರುಗಿದವು. ಕೆಂಪು ನೀಲಿ ದೀಪಗಳು ಸರ್ಕಸ್ಸಿನ ಬಾಗಿಲಿನಂತೆ ಮಿನುಗಿದವು. ಕ್ಲೈವ್ ಚಪ್ಪಾಳೆ ತಟ್ಟಿದ. ಮಾನಿಟರಿನಲ್ಲಿ ಅದೇ ಎರಡು ಪದ ಬಂದವು, ಹೋದವು.

ಆಮೇಲೆ ರೋವಿನಾ ತಮ್ಮ ಪೆನ್ಸಿಲ್ ಡಬ್ಬಿಯಿಂದ ರಬ್ಬರ್ ತಂದು, ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ತಪ್ಪು ಕಾಗುಣಿತ ಅಳಿಸುವ ಶಿಸ್ತಿನಲ್ಲಿ ಉಜ್ಜಿದರು. ಬರಲಿಲ್ಲ. ಕ್ಲೈವ್ ಕೂದಲು ಒಣಗಿಸುವ ಯಂತ್ರ ತಂದು ಬಿಸಿ ಗಾಳಿ ಊದಿದ. ಬರಲಿಲ್ಲ. ಅಂಗಡಿಯ ಸಹಾಯವಾಣಿಗೆ ಫೋನ್ ಮಾಡಿದರು. ಇಪ್ಪತ್ತೆರಡು ನಿಮಿಷ ಪಿಯಾನೋ ಕೇಳಿಸಿ, ಕೊನೆಗೆ ಒಬ್ಬಳು ಹೆಣ್ಣುಮಗಳು ಬಂದು, "ಸರ್, ಏನೇನ್ ಮಾಡ್ಬೇಕು ಅನ್ನೋದೆಲ್ಲ ಈಗ ನಿಮ್ಮ ಸ್ಕ್ರೀನ್ ಮೇಲೇ ಬರತ್ತೆ, ನೋಡ್ಕೊಳ್ಳಿ," ಎಂದು ಫೋನಿಟ್ಟಳು. ಮೂವರೂ ಕಪ್ಪು ಮಾನಿಟರನ್ನು ಸ್ವಲ್ಪ ಹೊತ್ತು ನೋಡಿದರು.

ಒಂದು ಗಂಟೆಯ ಹೊತ್ತಿಗೆ ಎಲ್ಲರೂ ಸುಸ್ತಾಗಿದ್ದರು. ಕ್ಲೈವ್‌ನ ಕೈಯಿಂದ ಒಂದು ಸ್ಕ್ರೂ ಜಾರಿ ಮೇಜಿನ ಹಿಂದೆ ಬಿತ್ತು. ಡೆನ್ಜಿಲ್ ಅದನ್ನು ಹುಡುಕಲು ಮೇಜಿನ ಅಡಿ ತೂರಿ, ಸಿಪಿಯುವಿನ ಬೆನ್ನಿನ ಕಡೆ ತಲೆ ಎತ್ತಿದ. ಎತ್ತಿದವನು ಹಾಗೇ ಉಳಿದುಬಿಟ್ಟ.

ಮಾನಿಟರಿನ ಕೇಬಲ್ ಇನ್ನೂ ಹಳೆಯ ತೂತಿನಲ್ಲೇ ಇತ್ತು. ಹೊಸ ಕಾರ್ಡಿನ ನಾಲ್ಕು ತೂತುಗಳೂ ಖಾಲಿ ಖಾಲಿ ಬಾಯಿ ತೆರೆದುಕೊಂಡಿದ್ದವು. ಚಿತ್ರವೆಲ್ಲ ಹೊಸ ಬಾಗಿಲಿನಿಂದ ಹೊರಡುತ್ತಿದೆ, ಇವರು ಎರಡೂವರೆ ತಾಸಿನಿಂದ ಹಳೆಯ ಬಾಗಿಲಲ್ಲಿ ಹಾರ ಹಿಡಿದು ಕಾಯುತ್ತಿದ್ದಾರೆ!

'ಸಿಕ್ತು' ಎಂದು ಕೂಗಲು ಅವನು ಬಾಯಿ ತೆರೆದ. ಅದೇ ಕ್ಷಣಕ್ಕೆ ಇನ್ನೊಂದು ವಿಷಯ ನೆನಪಾಗಿ ಬಾಯಿ ತಾನೇ ಮುಚ್ಚಿಕೊಂಡಿತು. ಎರಡು ನಿಮಿಷ ಉಳಿಸುವ ಆಸೆಗೆ, ಕಂಪ್ಯೂಟರ್ ಹಾಕಿದ ತಕ್ಷಣ ಬಸ್ಸಿನ ಆಟ ತಾನಾಗಿಯೇ ಶುರುವಾಗುವ ಹಾಗೆ ಅವನೇ ಮಾಡಿಟ್ಟಿದ್ದ. ಈಗ ಚಿತ್ರ ಬಂದರೆ ಅತ್ತೆ ಬರುವುದಿಲ್ಲ, ಬಸ್ಸು ಬರುತ್ತದೆ.

ಡೆನ್ಜಿಲ್ ಸ್ಕ್ರೂ ಹಿಡಿದುಕೊಂಡು ಮೆಲ್ಲಗೆ ಹೊರಬಂದ.

"ಕೆಟ್ಟುಹೋಗಿದೆ," ಎಂದ. "ವಾಪಸ್ ಕಳಿಸ್ಬಿಡ್ತೀನಿ. ತುಂಬಾ ಉಪಕಾರ ಆಯ್ತು. ಮನೆಗೆ ಹೋಗಿ ಊಟ ಮಾಡಿ."

"ಬಿಟ್ಟುಬಿಡೋದಾ?" ಎಂದರು ರೋವಿನಾ, ಇದೊಂದು ಕೆಟ್ಟ ಪದವೆಂಬಂತೆ.

"ನನ್ನ ಕೈಗೆ ಬಂದ ಒಂದು ಫ್ರಿಜ್ಜೂ ತಣ್ಣಗಾಗ್ದೆ ವಾಪಸ್ ಹೋಗಿಲ್ಲ," ಎಂದ ಕ್ಲೈವ್. "ಆ ತಾಯಿ ಮುಖ ನೋಡ್ದೆ ನಾನು ಇಲ್ಲಿಂದ ಏಳಲ್ಲ."

ಆಗ ಹೊರಗೆ ಕಾರು ನಿಂತ ಸದ್ದಾಯಿತು. ಚರ್ಚಿನ ಹಾಲ್‌ನಲ್ಲಿ ಹೀಟರ್ ಕೆಟ್ಟು, ಕೌದಿಯವರೆಲ್ಲ ಬೇಗ ಮನೆಗೆ ಹೊರಟಿದ್ದರು. ಲೋರ್ನಾ ಕೋಟು ಬಿಚ್ಚುತ್ತ ಒಳಗೆ ಬಂದವಳು ಮೇಜನ್ನೂ ಮೂವರನ್ನೂ ನೋಡಿದಳು.

"ಏನಾಯ್ತು? ಯಾರಿಗಾದ್ರೂ ಹುಷಾರಿಲ್ವಾ?"

"ಹೇಳ್ಬಾರ್ದಿತ್ತು, ಆದ್ರೂ ಹೇಳ್ತೀನಿ," ಎಂದ ಕ್ಲೈವ್. ಡೆನ್ಜಿಲ್ ಅವನ ಕಾಲು ತುಳಿದ. ಕ್ಲೈವ್ ಕಾಲು ಎಳೆದುಕೊಂಡು ಪೂರ್ತಿ ಹೇಳಿದ.

ಲೋರ್ನಾ ಗಂಡನ ಮುಖವನ್ನೇ ನೋಡಿದಳು. "ಅಮ್ಮನ ಫೋಟೋಗಾ? ನೀನಾ?"

"ಹೂಂ," ಎಂದ ಡೆನ್ಜಿಲ್. ಅವನ ಜೀವಮಾನದಲ್ಲೇ ಅಷ್ಟು ಭಾರದ 'ಹೂಂ' ಹೊರಬಿದ್ದಿರಲಿಲ್ಲ.

ಅವಳು ಕಣ್ಣೊರೆಸಿಕೊಂಡು, "ಎಲ್ಲಿ, ನಾನೊಂದ್ಸಲ ನೋಡ್ತೀನಿ," ಎಂದು ಮುಂದೆ ಬಂದಳು.

"ಬೇಡ ಲೋರ್ನಾ! ಶಾಕ್ ಹೊಡಿಯತ್ತೆ!"

"ಹತ್ತು ವರ್ಷದಿಂದ ಇದರ ಧೂಳು ಹೊಡೀತಿರೋಳು ನಾನು. ನಂಗೇನ್ ಶಾಕು?" ಸಿಪಿಯುವಿನ ಹಿಂದಕ್ಕೆ ಬಗ್ಗಿದಳು. "ಇಲ್ಲಿ ಹೊಸ ತೂತುಗಳು ಬಂದಿವೆ. ಕೇಬಲ್ ಹಳೇದ್ರಲ್ಲೇ ಇದ್ಯಲ್ಲ. ಇದನ್ನ ಇಲ್ಲಿಗೆ ಹಾಕ್ಬೇಕಲ್ವಾ?"

ಹಾಕಿದಳು. ಡೆನ್ಜಿಲ್ ಕಣ್ಣು ಮುಚ್ಚಿಕೊಂಡ.

ಮೊದಲು ಬಂದದ್ದು ಮಾನಿಟರಿನ ಸ್ಪೀಕರಿನಿಂದ ಸದ್ದು. ಹಳೆಯ ಡೀಸೆಲ್ ಎಂಜಿನ್ ಗೊರಗೊರ ಎಂದಿತು. ಬಸ್ಸಿನ ಬಾಗಿಲು 'ಪುಸ್' ಎಂದು ತೆರೆದುಕೊಂಡಿತು. ಕಣ್ಣು ಬಿಟ್ಟಾಗ ಮಾನಿಟರಿನ ತುಂಬ ಬೆಳಗಿನ ಹೊತ್ತಿನ ಸಮುದ್ರ, ಒದ್ದೆ ರಸ್ತೆ, ಅದರ ನಡುವೆ ದೊಡ್ಡದೊಂದು ಸ್ಟೀರಿಂಗ್ ಚಕ್ರ. ಕಾರ್ಡು ಕೊಟ್ಟ ಕಾಸಿಗೆ ಮೋಸ ಮಾಡಿರಲಿಲ್ಲ. ಗಾಜಿನ ಮೇಲಿನ ಹನಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

ಕ್ಲೈವ್ ಮಾನಿಟರಿಗೆ ಮೂಗು ತಾಗುವಷ್ಟು ಬಗ್ಗಿದ.

"ಇದು ನಮ್ಮ ಲೀವನ್ ಸೇತುವೆ ಅಲ್ವೇನೋ?" ಎಂದ.

"ಹೌದು. ಈ ಆಟದಲ್ಲಿ ರಸ್ತೆ ನಾವೇ ಕಟ್ಟಬಹುದು. ಬರ್ನಿವರೆಗೆ ಕಟ್ಟಿದೀನಿ."

"ಅತ್ತೆ ಎಲ್ಲಿ?"

"ಅತ್ತೆ ಇಲ್ಲ."

ರೋವಿನಾ ಕನ್ನಡಕ ಸರಿಮಾಡಿಕೊಂಡು ನಿಲ್ದಾಣವನ್ನು ಪರೀಕ್ಷಿಸಿದರು. "ಜನಾನೂ ಇಲ್ವಲ್ಲ. ಬೆಂಚು ಖಾಲಿ. ಯಾಕೆ?"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ಅದಕ್ಕೊಂದು ಬಟನ್ ಇದೆ ಮೇಡಂ," ಎಂದ ಡೆನ್ಜಿಲ್. "ಜನರನ್ನ ಆಫ್ ಮಾಡಿದೀನಿ. ಮನೇಲಿ ಕೂತ ಮೇಲೇ ನಂಗೆ ಗೊತ್ತಾಗಿದ್ದು. ಮೂವತ್ತೊಂದು ವರ್ಷ ನಾನು ಬೈದಿದ್ದು ಬಸ್ಸನ್ನಲ್ಲ. ಬಸ್ಸು ಪಾಪ ಏನ್ ಮಾಡಿತ್ತು?"

ಲೋರ್ನಾ ಇನ್ನೂ ಮಾನಿಟರನ್ನೇ ನೋಡುತ್ತಿದ್ದಳು. ಈಗ ತಟ್ಟೆ ಹಾರುತ್ತದೆಯೋ ಕೈಪಿಡಿ ಹಾರುತ್ತದೆಯೋ ಎಂದು ಡೆನ್ಜಿಲ್ ಕಾದ.

"ನಾನು ನನ್ನ ಕಾರಲ್ಲೇ ಓಡಾಡಿದೆ," ಎಂದಳು ಅವಳು ನಿಧಾನವಾಗಿ. "ಮೂವತ್ತೊಂದು ವರ್ಷದಲ್ಲಿ ಒಂದ್ಸಲನೂ ನಿನ್ನ ಬಸ್ಸು ಹತ್ತಿಲ್ಲ." ಅಡುಗೆಮನೆಯಿಂದ ಕುರ್ಚಿ ಎಳೆದು ತಂದು ಅವನ ಬೆನ್ನ ಹಿಂದೆ ಹಾಕಿ ಕೂತಳು. ಪರ್ಸು ತೊಡೆಯ ಮೇಲಿಟ್ಟುಕೊಂಡಳು. "ಹೊರಡು."

ಡೆನ್ಜಿಲ್‌ನ ಎದೆ ಹಗುರವಾಯಿತು. ಆ ಹಗುರ ಸುಮಾರು ನಾಲ್ಕು ನಿಮಿಷ ಇತ್ತು. ಬಸ್ಸು ಸೇತುವೆ ದಾಟಿತು. ಅಷ್ಟರಲ್ಲಿ ಇನ್ನೆರಡು ಕುರ್ಚಿ ಎಳೆದ ಸದ್ದಾಯಿತು.

"ನನ್ನನ್ನ ಪೋಸ್ಟ್ ಆಫೀಸ್ ಹತ್ರ ಇಳಿಸು," ಎಂದರು ರೋವಿನಾ.

"ಮೇಡಂ, ನೀವು ನಮ್ಮನೇಲಿ ಕೂತಿದೀರ."

"ನಿಲ್ದಾಣ ಇದ್ಯೋ ಇಲ್ವೋ? ಇದ್ರೆ ನಿಲ್ಲಿಸು."

"ಬ್ರೇಕ್ ಕೀಚ್ ಅಂತಿದೆ ಕಣೋ," ಎಂದ ಕ್ಲೈವ್. "ಹೀಟರ್ ಹಾಕು, ಹಿಂದ್ಗಡೆ ಚಳಿ."

"ಸ್ವಲ್ಪ ನಿಧಾನ," ಎಂದಳು ಲೋರ್ನಾ. "ಎಲ್ರನ್ನೂ ಹೀಗೇ ಓಡಿಸ್ತಿದ್ಯಾ? ಅದಕ್ಕೇ ಜನ ಬೈತಿದ್ದಿದ್ದು."

ಗುರುವಾರ ಬೆಳಿಗ್ಗೆ ಡೆನ್ಜಿಲ್ ಎದ್ದು ಬಂದಾಗ ಫ್ರಿಜ್ಜಿನ ಬಾಗಿಲ ಮೇಲೆ ಲೋರ್ನಾಳ ಅಕ್ಷರದಲ್ಲಿ ವೇಳಾಪಟ್ಟಿ ಇತ್ತು: ಒಂಬತ್ತೂಹತ್ತು, ಹನ್ನೊಂದೂವರೆ, ಎರಡೂಕಾಲು. ಕೆಳಗೆ ಗೆರೆ ಎಳೆದು, 'ಶನಿವಾರ ಹೆಚ್ಚುವರಿ ಬಸ್ಸು' ಎಂದಿತ್ತು. ಒಂಬತ್ತು ಗಂಟೆ ದಾಟಿದ ಮೇಲೆ ಬಾಗಿಲು ತೆರೆದರೆ ಜಗುಲಿಯಲ್ಲಿ ಕ್ಲೈವ್, ಅವನ ಹೆಂಡತಿ, ಕೌದಿ ಗುಂಪಿನ ಐದು ಮಂದಿ, ಮತ್ತು ಎಲ್ಲೋ ಸುದ್ದಿ ಕೇಳಿ ಬಂದ, ಯಾರಿಗೂ ಪರಿಚಯವಿಲ್ಲದ ಒಬ್ಬ ಮುದುಕ ಸಾಲಾಗಿ ನಿಂತಿದ್ದರು. ಸಾಲಿನ ಮೊದಲಲ್ಲಿ ರೋವಿನಾ ಗಡಿಯಾರ ನೋಡಿಕೊಳ್ಳುತ್ತಿದ್ದರು.

"ನಾಲ್ಕು ನಿಮಿಷ ಲೇಟು," ಎಂದು ಅವರು ಡೆನ್ಜಿಲ್‌ನನ್ನು ದಾಟಿ ಒಳಗೆ ಹೋಗಿ, ಲೋರ್ನಾಳ ಕೈಗೆ ಒಂದು ಲಕೋಟೆ ಕೊಟ್ಟರು. ಅದು ಲಿಖಿತ ದೂರು. ಹಿಂದಿನ ದಿನ ಚಾಲಕ ಪೋಸ್ಟ್ ಆಫೀಸಿನ ಬಳಿ ನಿಲ್ಲಿಸದೆ ಮುಂದೆ ಹೋದನೆಂದೂ, ಕೇಳಿದ್ದಕ್ಕೆ ಗೊಣಗಿದನೆಂದೂ ಅದರಲ್ಲಿತ್ತು. ಲೋರ್ನಾ ಅದನ್ನು ಎರಡು ಸಲ ಓದಿ, ಫೈಲು ಮಾಡಿಟ್ಟಳು. ಫೈಲು ಆಗಲೇ ತಯಾರಾಗಿತ್ತು.

ಭಾನುವಾರದ ಹೊತ್ತಿಗೆ ಡೆನ್ಜಿಲ್‌ಗೆ ಸೊಂಟನೋವು ಶುರುವಾಯಿತು. ಸೋಮವಾರ ಒಂದು ದಿನ ರಜೆ ಬೇಕೆಂದು ಹೆಂಡತಿಯನ್ನು ಕೇಳಿದ. ಲೋರ್ನಾ ವೇಳಾಪಟ್ಟಿಯ ಮೇಲೆ ಬೆರಳಾಡಿಸಿ ನೋಡಿದಳು.

"ಬದಲಿ ಡ್ರೈವರ್ ಇಲ್ಲ," ಎಂದಳು. "ಮಂಗಳವಾರ ಅರ್ಧ ದಿನ ಬೇಕಾದ್ರೆ ನೋಡೋಣ. ಅರ್ಜಿ ಬರೆದು ಕೊಡು."