ಫೆಬ್ರವರಿ ಮೂವತ್ತೊಂದು

ನೀಲಪ್ಪ ಇಳಕಲ್ಲಿನ ಒಂದು ಗ್ರಾನೈಟ್ ಕಂಪನಿಯಲ್ಲಿ ಗುಮಾಸ್ತನಾಗಿ ಸೇರಿದ್ದು ೧೯೮೮ರ ಆಗಸ್ಟ್ ಮೂವತ್ತೊಂದಕ್ಕೆ. ಆರು ತಿಂಗಳ ಪ್ರೊಬೇಶನ್ ಮುಗಿದರೆ ನೌಕರಿ ಕಾಯಂ. ಮಾರ್ಚ್ ಒಂದರ ಬೆಳಿಗ್ಗೆ ಕಾಯಂ ಆದವರ ಯಾದಿ ಹೊಸ ಕಂಪ್ಯೂಟರಿನಿಂದ ಹೊರಬಂದು ನೋಟೀಸು ಬೋರ್ಡು ಏರಿತು. ಎಲ್ಲರ ಹೆಸರಿನ ಮುಂದೆ ತಾರೀಖು ಇತ್ತು. ನೀಲಪ್ಪನ ಮುಂದೆ ಇಂಗ್ಲಿಷಿನ ಮೂರಕ್ಷರ: ಇ, ಆರ್, ಆರ್.

"ಎರರ್ ಇರಬೇಕ್ರಿ ಅಣ್ಣಾ. ಅಂದ್ರ ತಪ್ಪು," ಎಂದಳು ಟೈಪಿಸ್ಟ್ ಅಬೇದಾ.

ಹೆಡ್ ಕ್ಲರ್ಕ್ ಸಂಗಯ್ಯ ಕನ್ನಡಕ ಏರಿಸಿದ. "ಮಷೀನು ಸುಳ್ಳು ಹೇಳಂಗಿಲ್ಲ. ಏನ್ ಮಾಡೀದಿ ನೀಲಪ್ಪ? ಒಪ್ಪಿಕೊಂಡ್ಬಿಡು, ಹಗುರಾಗ್ತೈತಿ."

ನೀಲಪ್ಪ ಗೋಡೆಯ ಗಡಿಯಾರ ನೋಡಿದ. ಮಗಳು ಬನಶಂಕರಿಯನ್ನು ಅವನಿಗೆ ಕೊಡಲು ಒಪ್ಪಿದ್ದ ರಾಚಪ್ಪ ಅವತ್ತೇ ಹುನಗುಂದದಿಂದ ಬರುವವನಿದ್ದ. ಕಾಯಂ ಆದದ್ದನ್ನು ಕಣ್ಣಾರೆ ಕಂಡರೆ ಮಾತ್ರ ಲಗ್ನ ಎಂದಿದ್ದ.

ಹನ್ನೊಂದರ ಬಸ್ಸಿಗೆ ರಾಚಪ್ಪ ಬಂದೇಬಿಟ್ಟ. ನೀಲಪ್ಪ ಬಾಯಿ ತೆರೆಯುವ ಮೊದಲೇ ಸಂಗಯ್ಯ ಉಪಕಾರ ಮಾಡಿದ.

"ಹುಡುಗ ಭಾಳ ಚಲೋ ಅದಾನ್ರಿ. ಏನೋ ಒಂದು ತಪ್ಪು ಮಾಡ್ಯಾನಂತ ಮಷೀನು ಹೇಳೈತಿ, ಅಷ್ಟ."

"ಏನ್ ತಪ್ಪು?"

"ಅದನ್ನ ಹುಡುಕಾಕತ್ತೇವ್ರಿ."

ನೀಲಪ್ಪ ಕಂಪ್ಯೂಟರ್ ಕೋಣೆಗೆ ಓಡಿದ. ಅಲ್ಲಿ ಆಪರೇಟರ್ ಅಬ್ದುಲಸಾಬ ಎಸಿ ಗಾಳಿಯಲ್ಲಿ ಮದುಮಗನಂತೆ ಕುಳಿತಿದ್ದ.

"ಆಗಸ್ಟ್ ಮೂವತ್ತೊಂದಕ್ಕ ಆರು ತಿಂಗಳು ಕೂಡಿಸಿದ್ರ ಏನ್ ಬರ್ತೈತಿ? ಫೆಬ್ರವರಿ ಮೂವತ್ತೊಂದು. ಅಂಥಾ ದಿನ ಎಲ್ಲೈತೋ ಮಾರಾಯಾ? ಮಷೀನು ಕೈ ಎತ್ತಿತು."

"ಇಪ್ಪತ್ತೆಂಟು ಅಂತ ಹಾಕಿಬಿಡು!"

"ಲೆಕ್ಕದ ಸೂತ್ರ ಮುಂಬಯಿ ಆಫೀಸಿನವರು ಹಾಕಿದ್ದು, ನಾ ಮುಟ್ಟಂಗಿಲ್ಲ. ನೀ ಸೇರಿದ ತಾರೀಖು ಬದಲಾದ್ರ ತಾನ ಸರಿಹೋಗ್ತೈತಿ. ಸೆಪ್ಟೆಂಬರ್ ಒಂದು ಅಂತ ಬರಕೊಡು, ಕಾಯಂ ಮಾರ್ಚ್ ಒಂದಕ್ಕ ಬರ್ತೈತಿ."

ಇದು ಎಲ್ಲರಿಗೂ ಹಿಡಿಸಿತು. ಸಂಗಯ್ಯ ಅರ್ಜಿಯ ಒಕ್ಕಣೆ ಹೇಳಿದ, ಅಬೇದಾ ಟೈಪು ಮಾಡಿದಳು. ಮೊದಲ ದಿನ ನೀಲಪ್ಪ ಬರೀ ಚಹಾ ಕುಡಿದು ಹೋಗಿದ್ದನೆಂದು ಇಬ್ಬರೂ ಸಾಕ್ಷಿ ಹಾಕಿದರು. ಮ್ಯಾನೇಜರು ಫೋನಿನಲ್ಲಿ ಮಾತಾಡುತ್ತಲೇ ಸಹಿ ಗೀಚಿದರು.

ಅಬ್ದುಲಸಾಬ ಹೊಸ ತಾರೀಖು ಒತ್ತಿದ. ಮೂರಕ್ಷರ ಮಾಯವಾದವು. ಅಲ್ಲಿ ಮೂಡಿದ್ದು ೧-೯-೮೯.

"ಲೇ, ಇದು ಬರೋ ಸೆಪ್ಟೆಂಬರ್ ಅಲ್ಲೇನೋ!" ಎಂದ ನೀಲಪ್ಪ.

ಅವನು ಮ್ಯಾನೇಜರ ಬಳಿ ಓಡಿದ. ಮ್ಯಾನೇಜರು ಫೈಲು ತಿರುವಿ ಒಂದು ಕಾಗದ ತೋರಿಸಿದರು. "ಹೋದ ಸೆಪ್ಟೆಂಬರ್ ಒಂದರಿಂದ ಈಚೆ ಸೇರಿದವರಿಗೆ ಪ್ರೊಬೇಶನ್ ಒಂದು ವರ್ಷ. ಮುಂಬಯಿ ಹುಕುಂ. ಮಷೀನಿಗೆ ಗೊತ್ತೈತಿ, ನಿನಗ ಗೊತ್ತಿಲ್ಲ."

"ಹಂಗಾರ ಹಳೇ ತಾರೀಖನ ಇರಲಿ ಬಿಡ್ರಿ ಸಾಹೇಬ್ರ!"

"ಹೆಂಗಪಾ? ಅವತ್ತ ನೀ ಸೇರಿಲ್ಲ ಅಂತ ನೀನ ಸಹಿ ಮಾಡಿ, ಇಬ್ಬರ ಸಾಕ್ಷಿ ಹಾಕಿಸಿ ಕೊಟ್ಟೀದಿ. ಅರ್ಜಿ ಆಗಲೇ ಮುಂಬಯಿ ಟಪಾಲಿಗೆ ಹೋತು."

ಹೊರಗೆ ರಾಚಪ್ಪ ಬೆಂಚಿನಿಂದ ಎದ್ದ. "ತಪ್ಪು ಹೋತೇನು ತಮ್ಮಾ?"

"ಹೋತ್ರಿ."

"ಕಾಯಂ?"

"ಸೆಪ್ಟೆಂಬರಿಗೆ..."

ರಾಚಪ್ಪ ರುಮಾಲು ಸರಿಪಡಿಸಿಕೊಂಡ. ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಲಗ್ನ ಅಂತೂ ಮೇ ತಿಂಗಳದಾಗ ಐತಿ. ವರ ಯಾರು ಅನ್ನೋದು ಅಷ್ಟ ಇನ್ನ ನೋಡಬೇಕು. ನೀ ಮಾತ್ರ ಊಟಕ್ಕ ತಪ್ಪಿಸಬ್ಯಾಡ."